ಹೊಸ ಮನೆ ಹಾಲ್‌ಗೆ ಸರೌಂಡ್ ಸೌಂಡ್: ಸೌಂಡ್‌ಬಾರ್ ಸಾಕಾ, ರಿಸೀವರ್ ಬೇಕಾ?

ಭದ್ರಾ ದಂಡೆ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಪ್ಲಾಸ್ಟರಿಂಗ್ ಮುಗಿದಿದೆ, ಟೈಲ್ಸ್ ಇನ್ನೂ ಹಾಕಿಲ್ಲ. ವೈರಿಂಗ್‌ನವರು "ಸೌಂಡ್‌ಗೆ ಪೈಪ್ ಎಲ್ಲಿ ಬಿಡಬೇಕು ಈಗಲೇ ಹೇಳಿಬಿಡಿ ಸಾರ್" ಎಂದು ದಿನಾ ಬೆನ್ನು ಹತ್ತಿದ್ದಾರೆ. ಹಾಗಾಗಿ ಸ್ವಲ್ಪ ಅರ್ಜೆಂಟ್.

ಹಾಲ್ 12 ಅಡಿ ಅಗಲ, 18 ಅಡಿ ಉದ್ದ, ಎತ್ತರ 10 ಅಡಿ. ಚಿಕ್ಕ ಗೋಡೆಗೆ 55 ಇಂಚಿನ ಟಿವಿ. ನಮ್ಮದು ಹೆಚ್ಚಾಗಿ ಓಟಿಟಿ ಸಿನಿಮಾ. ಅಪ್ಪನಿಗೆ ಹಿಂದೂಸ್ತಾನಿ, ಭಾವಗೀತೆ, ಹಳೆ ಸಿನಿಮಾ ಹಾಡು. ಬಜೆಟ್ 80 ಸಾವಿರ. ಒಂದೇ ಸಲ ಎಲ್ಲಾ ಕೊಳ್ಳಬೇಕೆಂದಿಲ್ಲ, ಹಬ್ಬಕ್ಕೊಂದು ಐಟಂ ತಗೊಂಡರೂ ನಡೆಯುತ್ತದೆ.

ಅಂಗಡಿಯವರು 1000 ವ್ಯಾಟ್ ಸೌಂಡ್‌ಬಾರ್ ತೋರಿಸಿ "ಆಟ್ಮಾಸ್ ಇದೆ, ಮನೆಯೇ ಥಿಯೇಟರ್" ಅಂದರು. ಆಟ್ಮಾಸ್ ಅಂದರೆ ತಲೆ ಮೇಲಿಂದಲೂ ಸದ್ದು ಬರುವ ಡಾಲ್ಬಿಯವರ ಸರೌಂಡ್ ಸೌಂಡ್ ಅಂತೆ. ಅಲ್ಲಿ ಕೇಳಿದಾಗ ಭರ್ಜರಿಯಾಗಿಯೇ ಇತ್ತು. ಆದರೆ ಅಪ್ಪ ಅಂಗಡಿಯಲ್ಲೇ "ಮಾತು ಸರಿಯಾಗಿ ಕೇಳಿಸಲ್ಲ, ಬರೀ ದಡಬಡ" ಅಂದುಬಿಟ್ಟರು. ಏನು ಮಾಡಲಿ? ಸೌಂಡ್‌ಬಾರ್ ಸಾಕಾ, ಇಲ್ಲ ರಿಸೀವರ್ (ಬೇರೆ ಬೇರೆ ಸ್ಪೀಕರ್‌ಗಳನ್ನು ಓಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ತಗೊಂಡು ಸ್ಪೀಕರ್ ಜೋಡಿಸಲಾ?

ಮಂಡ್ಯ ಮೈಕ್‌ಸೆಟ್:
ಅಣ್ಣ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಿಂದಕ್ಕೆ ಎರಡು ಸ್ಪೀಕರ್, ಜೊತೆಗೆ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇರುವ ಸೌಂಡ್‌ಬಾರ್ ಸೆಟ್ ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ. ಉಳಿದ ದುಡ್ಡಿಗೆ ಸೋಫಾ ತಗೊಳ್ಳಿ.

ಎಸ್‌ಪಿ ರೋಡ್ ಅಲೆಮಾರಿ:
ಮೈಕ್‌ಸೆಟ್ ಅವರ ಮಾತು ಅರ್ಧ ಸರಿ. ಆದರೆ ಇವರ ಹತ್ತಿರ ಟೈಲ್ಸ್ ಹಾಕದ ಹಾಲ್ ಇದೆ. ಈ ಅವಕಾಶ ಮತ್ತೆ ಬರುವುದಿಲ್ಲ. ಬಾರ್ ಯಾವಾಗ ಬೇಕಾದರೂ ತರಬಹುದು, ಪೈಪ್ ಆಗುವುದಿಲ್ಲ.

ಭದ್ರಾ ದಂಡೆ ಅವರೇ, ಮೂರು ಪ್ರಶ್ನೆ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡು ಬರುತ್ತದೋ, ಮಧ್ಯದಲ್ಲಿ ಬರುತ್ತದೋ? ಸೋಫಾದ ಎರಡೂ ಪಕ್ಕ ಗೋಡೆ ಇದೆಯಾ? ಒಟ್ಟಿಗೆ ಎಷ್ಟು ಜನ ಕೂತು ನೋಡುತ್ತೀರಿ? ಮಾಡೆಲ್ ಹೆಸರು ಆಮೇಲೆ. ಮೊದಲು ಕೂರುವ ಜಾಗ.

ಭದ್ರಾ ದಂಡೆ:
ಸರ್, ಸೋಫಾ ಟಿವಿಯಿಂದ ಸುಮಾರು 10 ಅಡಿ. ಅದರ ಹಿಂದೆ ಓಡಾಡುವ ಜಾಗ, ಮೆಟ್ಟಿಲು. ಎಡಗಡೆ ದೊಡ್ಡ ಕಿಟಕಿ. ಬಲಗಡೆ ಗೋಡೆಯೇ ಇಲ್ಲ, ನೇರ ಡೈನಿಂಗ್. ನಾಲ್ಕು ಜನ ದೊಡ್ಡವರು, ಮೂರು ವರ್ಷದ ಮಗಳು. ಮೂರು ಸೀಟಿನ ಸೋಫಾ, ಅಪ್ಪ ಯಾವಾಗಲೂ ಎಡ ತುದಿ.

ಎಸ್‌ಪಿ ರೋಡ್ ಅಲೆಮಾರಿ:
ಈಗ ವಿಷಯಕ್ಕೆ ಬಂದಿರಿ.

ಅಪ್ಪ ಎಡ ತುದಿಯಲ್ಲಿ ಕೂರುತ್ತಾರೆ ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಬರೀ ಎಡ ಬಲ ಎರಡೇ ಸ್ಪೀಕರ್ ಇದ್ದರೆ, ಸರಿಯಾಗಿ ನಡುವೆ ಕೂತವರಿಗೆ ಮಾತ್ರ ಮಾತು ಟಿವಿ ಮಧ್ಯದಿಂದ ಬಂದಂತೆ ಕೇಳುತ್ತದೆ. ತುದಿಯಲ್ಲಿ ಕೂತವರಿಗೆ ಎಲ್ಲವೂ ಹತ್ತಿರದ ಸ್ಪೀಕರ್ ಕಡೆ ವಾಲುತ್ತದೆ. 5.1 (ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಒಂದು ಸಬ್) ಮಿಕ್ಸ್‌ನಲ್ಲಿ ಸಂಭಾಷಣೆಯ ಬಹುಪಾಲು ಸೆಂಟರ್ ಚಾನೆಲ್‌ನಲ್ಲೇ ಇರುತ್ತದೆ. ಒಳ್ಳೆಯ ಸೆಂಟರ್ ಸ್ಪೀಕರ್ ಇದ್ದರೆ ಸೋಫಾದ ಯಾವ ಮೂಲೆಯಲ್ಲಿ ಕೂತರೂ ಮಾತು ಟಿವಿಯಿಂದಲೇ ಬರುತ್ತದೆ. ರಿಸೀವರ್‌ನಲ್ಲಿ ಸೆಂಟರ್ ಒಂದನ್ನೇ ಎರಡು ಮೂರು ಡೆಸಿಬಲ್ ಏರಿಸಿಕೊಳ್ಳಬಹುದು. ನಿಮ್ಮ ತಂದೆಯವರ ದೂರು ನಿಜವಾದದ್ದು, ಅದಕ್ಕೆ ಮದ್ದು ಇದೇ. ಸಬ್ ದೊಡ್ಡದು ಮಾಡಿದರೆ ದಡಬಡವೇ ಜಾಸ್ತಿ ಆಗುತ್ತದೆ.

ನನ್ನ ಅಭಿಪ್ರಾಯ: ಈಗ 3.1ರ ಕಡೆ ಹೋಗಿ. ಅಂದರೆ ಎಡ, ಬಲ, ಸೆಂಟರ್, ಸಬ್. ಹಿಂದಿನ ಸ್ಪೀಕರ್‌ಗಳಿಗೆ ಪೈಪ್ ಮಾತ್ರ ಬಿಡಿ. ಹಾಲ್ ಹೀಗಿರುವಾಗ ಮೊದಲ ದಿನವೇ ಐದು ಸ್ಪೀಕರ್ ಬೇಕು ಎಂದು ಹಠ ಹಿಡಿದರೆ ಐದೂ ಸಾಧಾರಣ ಬರುತ್ತವೆ.

ಕುಂದಾಪ್ರ ಕಿವಿ:
ನಾನು ಸೌಂಡ್‌ಬಾರ್ ಪರ ಸ್ವಲ್ಪ ಮಾತಾಡುತ್ತೇನೆ, ಯಾರೂ ಜಗಳಕ್ಕೆ ಬರಬೇಡಿ ಮಾರಾಯ್ರೆ.

ನಮ್ಮದು ಹಂಚಿನ ಮನೆ. ಟಿವಿ ಇರುವ ಕೋಣೆ ಚಿಕ್ಕದು. ಆಟ್ಮಾಸ್ ಬಾರ್ ತಂದೆವು. ಅದರ ಮೇಲ್ಮುಖದ ಸ್ಪೀಕರ್‌ಗಳು ಶಬ್ದವನ್ನು ಸೀಲಿಂಗ್‌ಗೆ ಹೊಡೆಸಿ ಕೆಳಗೆ ತರಬೇಕು. ಅದಕ್ಕೆ ಸಪಾಟಾದ, ಗಟ್ಟಿ ಸೀಲಿಂಗ್ ಬೇಕು. ಇಳಿಜಾರು ಮಾಡು, ಪಕಾಸಿ, ರೀಪು, ಹಂಚು ಇರುವ ಕಡೆ ಅದು ಎಲ್ಲೆಲ್ಲಿಗೋ ಚದುರಿ ಹೋಗುತ್ತದೆ. ಮಳೆಗಾಲದಲ್ಲಿ ಹೇಗೂ ಹಂಚಿನ ಮೇಲಿನ ಸದ್ದೇ ಮೇಲುಗೈ. ಹಾಗಾಗಿ ಮೇಲಿಂದ ಏನೂ ಬರುವುದಿಲ್ಲ. ಆದರೆ ಮಾತು ಟಿವಿ ಸ್ಪೀಕರ್‌ಗಿಂತ ಎಷ್ಟೋ ಸ್ಪಷ್ಟ. ಒಂದೇ ರಿಮೋಟ್, ಒಂದೇ ವೈರ್. ಅತ್ತೆ ಕೂಡ ತಾವೇ ಹಾಕಿಕೊಳ್ಳುತ್ತಾರೆ.

ರಿಸೀವರ್ ಇರುವ ನನ್ನ ತಮ್ಮನ ಮನೆಯಲ್ಲಿ ಅವನು ಊರಲ್ಲಿ ಇಲ್ಲದಿದ್ದರೆ ಟಿವಿಯಲ್ಲಿ ಸೌಂಡೇ ಬರುವುದಿಲ್ಲ. ಯಾರಿಗೂ ಆ ಬಟನ್‌ಗಳು ಗೊತ್ತಿಲ್ಲ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎಸ್‌ಪಿ ರೋಡ್ ಅಲೆಮಾರಿ:
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ರಿಮೋಟ್ ವಿಷಯಕ್ಕೆ ಮಾತ್ರ ಒಂದು ದಾರಿ ಇದೆ. ಟಿವಿಯಲ್ಲೂ ರಿಸೀವರ್‌ನಲ್ಲೂ ಎಚ್‌ಡಿಎಂಐ ಸಿಇಸಿ ಆನ್ ಮಾಡಿದರೆ ಟಿವಿ ರಿಮೋಟ್‌ನಿಂದಲೇ ರಿಸೀವರ್ ಆನ್ ಆಗುತ್ತದೆ, ವಾಲ್ಯೂಮ್ ಏರಿಳಿಯುತ್ತದೆ. ಟಿವಿ ಕಂಪನಿಗಳು ಇದಕ್ಕೆ ತಮ್ಮದೇ ಬೇರೆ ಬೇರೆ ಹೆಸರು ಇಟ್ಟಿರುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಕು. ಹತ್ತರಲ್ಲಿ ಒಂದು ಸಲ ಕೈ ಕೊಡುತ್ತದೆ, ಸುಳ್ಳು ಯಾಕೆ ಹೇಳಲಿ.

ಬಾಡಿಗೆ ಮನೆ ಬ್ರಹ್ಮ:
1000 ವ್ಯಾಟ್ ಬಾರ್ ಬಿಟ್ಟು 80 ವ್ಯಾಟ್ ರಿಸೀವರ್ ತಗೊಳ್ಳಿ ಅಂತೀರಲ್ಲ, ಅದು ಹೇಗೆ? ನಿಜವಾಗಿ ಕೇಳುತ್ತಿದ್ದೇನೆ. ನನಗೂ ಈ ಲೆಕ್ಕ ಯಾವತ್ತೂ ತಲೆಗೆ ಹತ್ತಿಲ್ಲ.

ಅರ್ಥಿಂಗ್ ಸರಿ ಇದೆಯಾ:
ಇದಕ್ಕೆ ನಾನು ಹೇಳುತ್ತೇನೆ.

ಹಳಬರಿಗೆ ಪಿಎಂಪಿಒ ಎಂಬ ವ್ಯಾಟ್ ಲೆಕ್ಕ ನೆನಪಿರಬಹುದು. ಅಂಗೈ ಅಗಲದ ಟೇಪ್ ರೆಕಾರ್ಡರ್ ಮೇಲೂ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿತ್ತು. ಅದಕ್ಕೆ ನಿಗದಿಯಾದ ಅಳತೆಯ ಕ್ರಮವೇ ಇರಲಿಲ್ಲ. ಈಗಿನ ಬಾಕ್ಸ್‌ಗಳ ಮೇಲಿನ ಸಂಖ್ಯೆ ಅಷ್ಟು ಸುಳ್ಳಲ್ಲ. ಆದರೂ ಎಲ್ಲಾ ಚಾನೆಲ್ ಕೂಡಿಸಿ, ಒಂದೇ ಸ್ವರಕ್ಕೆ, ಶಬ್ದ ಶೇ 10ರಷ್ಟು ಕೆಟ್ಟರೂ ಪರವಾಗಿಲ್ಲ ಅಂತ ಅಳೆದದ್ದು ಇರುತ್ತದೆ. ಒಳ್ಳೆಯ ರಿಸೀವರ್‌ನ 80 ವ್ಯಾಟ್ ಅಂದರೆ 8 ಓಮ್‌ಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ 0.1ರ ಒಳಗಿನ ಡಿಸ್ಟಾರ್ಷನ್‌ನಲ್ಲಿ, ಎರಡು ಚಾನೆಲ್ ಒಟ್ಟಿಗೆ ಓಡಿಸಿ ಅಳೆದದ್ದು. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸುವಂತೆಯೇ ಇಲ್ಲ. ಅಂಗಡಿಯಲ್ಲಿ ಬಾರ್‌ನ ಹಿಂದಿನ ಲೇಬಲ್ ನೋಡಿ. ಕರೆಂಟ್ ಎಷ್ಟು ಎಳೆಯುತ್ತದೆ ಎಂದು ಬರೆದಿರುತ್ತದೆ. ಎಳೆಯುವುದಕ್ಕಿಂತ ಹೆಚ್ಚು ವ್ಯಾಟ್ ಅದು ಒಂದೇ ಸಮನೆ ಹೊರಗೆ ಕೊಡಲಾರದು.

ಇನ್ನು ಎಷ್ಟು ಬೇಕು ಎಂಬ ಲೆಕ್ಕ. 86 ಡೆಸಿಬಲ್ ಸೆನ್ಸಿಟಿವಿಟಿ ಇರುವ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬಲ್. ಇವರ ಸೋಫಾ 3 ಮೀಟರ್ ದೂರ, ಬಯಲಲ್ಲಾದರೆ ಸುಮಾರು 9.5 ಡೆಸಿಬಲ್ ಕಡಿಮೆ. ಅಂದರೆ ಒಂದೇ ಒಂದು ವ್ಯಾಟ್‌ಗೆ 76 ಚಿಲ್ಲರೆ. ಕೋಣೆಯೊಳಗೆ ಗೋಡೆಗಳು ವಾಪಸ್ ಕೊಡುವುದರಿಂದ ಇನ್ನೂ ಸ್ವಲ್ಪ ಜಾಸ್ತಿ. ಮನೆಯಲ್ಲಿ ಸಾಮಾನ್ಯವಾಗಿ ಟಿವಿ ನೋಡುವ ಮಟ್ಟಕ್ಕೆ ಅಷ್ಟೂ ಬೇಡ. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನಿಸಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಹಾಗಾಗಿ 80ಕ್ಕೂ 160ಕ್ಕೂ ನೀವು ದುಡ್ಡು ಕೊಡುವಷ್ಟು ವ್ಯತ್ಯಾಸ ಇಲ್ಲ. ಸೆನ್ಸಿಟಿವಿಟಿ 3 ಡೆಸಿಬಲ್ ಜಾಸ್ತಿ ಇರುವ ಸ್ಪೀಕರ್ ಆರಿಸಿದರೆ ಅದೇ ಲಾಭ ಪುಕ್ಕಟೆ ಬರುತ್ತದೆ.

ಡಗ್ಗಾ ತಬಲಾ:
ಧಾರವಾಡದಿಂದ ನಮಸ್ಕಾರ ರೀ. ಎಲ್ಲರೂ ಸಿನಿಮಾ ಸಿನಿಮಾ ಅಂತಿದ್ದೀರಿ. ಅವರ ತಂದೆಯವರ ಹಾಡು ಯಾರೂ ಕೇಳಲಿಲ್ಲ.

ನಾವು ಕೇಳುವ ಹಾಡುಗಳಲ್ಲಿ ಬಹುಪಾಲು ಸ್ಟೀರಿಯೊ, ಎರಡೇ ಚಾನೆಲ್. ಹಳೆ ಕನ್ನಡ ಸಿನಿಮಾ ಹಾಡುಗಳು ಹೆಚ್ಚಿನವು ಮಾನೋ. ಅವುಗಳನ್ನು ಐದು ಸ್ಪೀಕರ್‌ಗೆ ಹಂಚಿ ಕೊಡುವ ಮೋಡ್‌ಗಳು ಎಲ್ಲಾ ಯಂತ್ರದಲ್ಲೂ ಇರುತ್ತವೆ. ಹಾಕಿ ನೋಡಿ, ಹಾಡುವವರು ಬಾವಿಯೊಳಗೆ ಕೂತಂತೆ ಕೇಳುತ್ತದೆ. ನನ್ನ ಪ್ರಕಾರ ಹಾಡಿಗೆ ಬೇಕಾದ್ದು ಎರಡು ಒಳ್ಳೆಯ ಸ್ಪೀಕರ್, ಅಷ್ಟೇ. ಬಜೆಟ್‌ನ ದೊಡ್ಡ ಪಾಲು ಅಲ್ಲಿಗೇ ಹೋಗಲಿ.

ಸ್ಪೀಕರ್ ಆರಿಸುವಾಗ ಸಿನಿಮಾ ಡೆಮೊ ಕೇಳಬೇಡಿ. ಸ್ಫೋಟ ಎಲ್ಲಾ ಸ್ಪೀಕರ್‌ನಲ್ಲೂ ಚೆನ್ನಾಗಿಯೇ ಇರುತ್ತದೆ, ನಿಜವಾದ ಸ್ಫೋಟ ಹೇಗಿರುತ್ತದೆಂದು ಯಾರಿಗೆ ಗೊತ್ತು ಹೇಳಿ? ನಿಮ್ಮ ತಂದೆಯವರಿಗೆ ಬಾಯಿಪಾಠ ಆಗಿರುವ ಹಾಡನ್ನು ಫೋನ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಬೇಸ್ ಬೂಸ್ಟ್, ಸರೌಂಡ್, ಈಕ್ವಲೈಜರ್ ಎಲ್ಲಾ ಆಫ್ ಮಾಡಿಸಿ. ತಂಬೂರಿಯ ಝೇಂಕಾರ ಗಾಯಕರ ಹಿಂದೆ ಒಂದೇ ಸಮನೆ ನಿಲ್ಲುತ್ತದೆಯೋ, ಆಗಾಗ ಮುಳುಗುತ್ತದೆಯೋ ನೋಡಿ. ತಬಲಾದ ಡಗ್ಗಾದಲ್ಲಿ ಅಂಗೈ ಒತ್ತಿ ಜಾರಿಸಿದಾಗ ನಾದ ಮೇಲಕ್ಕೆ ಹೋಗುವುದು ಬಿಡಿಸಿ ಕೇಳಬೇಕು. ಕೆಟ್ಟ ಸಬ್‌ನಲ್ಲಿ ಅದು ಬರೀ "ಧಪ್" ಅನ್ನುತ್ತದೆ. ಹಾರ್ಮೋನಿಯಂನ ಮಧ್ಯ ಸಪ್ತಕ ಮೂಗಿನಿಂದ ಹಾಡಿದ ಹಾಗೆ ಬಂದರೆ ಆ ಸ್ಪೀಕರ್ ಬೇಡ.

ಇನ್ನೊಂದು. ಎರಡು ಸ್ಪೀಕರ್ ಹೋಲಿಸುವಾಗ ಎರಡರ ವಾಲ್ಯೂಮ್ ಕಿವಿಗೆ ಒಂದೇ ಸಮ ಇರಬೇಕು. ಕೊಂಚ ಜೋರಾಗಿರುವುದೇ ನಮಗೆ ಚೆನ್ನಾಗಿದೆ ಅನಿಸುತ್ತದೆ, ಅದು ಎಲ್ಲರ ಕಿವಿಯ ಗುಣ. ಮಾರುವವರಿಗೂ ಇದು ಗೊತ್ತು.

ಮಂಡ್ಯ ಮೈಕ್‌ಸೆಟ್:
ಡಗ್ಗಾ ಸಾರ್, ನಿಮ್ಮ ಜೊತೆ ಅಂಗಡಿಗೆ ಬಂದರೆ ಸಂಜೆ ಶಟರ್ ಎಳೆದ ಮೇಲೇ ವಾಪಸ್ ಅಲ್ವಾ.

ಡಗ್ಗಾ ತಬಲಾ:
ಚಹಾ ಕೊಟ್ಟರೆ ಕೂರುತ್ತೇವೆ ರೀ, ಏನೀಗ.

ಮಿಚಿಗನ್ ಮೈಸೂರಿಗ:
ಇಲ್ಲಿನ ಅನುಭವ ಸ್ವಲ್ಪ ಸೇರಿಸುತ್ತೇನೆ, ಯಾಕಂದರೆ ನೀವೆಲ್ಲ ನೋಡುವ ಇಂಗ್ಲಿಷ್ ವಿಡಿಯೋಗಳು ಇಲ್ಲಿನ ಮನೆಗಳಲ್ಲಿ ಮಾಡಿದವು.

ಇಲ್ಲಿ ಗೋಡೆ ಅಂದರೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ. ನೆಲಕ್ಕೆ ಹೆಚ್ಚಾಗಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಬೇಸ್‌ನ ಒಂದು ಪಾಲು ಗೋಡೆ ಅದುರಿಯೇ ಕಳೆದುಹೋಗುತ್ತದೆ, ಹೊರಗೂ ಸೋರುತ್ತದೆ. ಅದಕ್ಕೇ ಇಲ್ಲಿನವರು 12 ಇಂಚಿನ ಎರಡು ಸಬ್ ಹಾಕಿ, ನಾಲ್ಕು ಹಾಕಿ ಎನ್ನುತ್ತಾರೆ. ಮೈಸೂರಿನ ನಮ್ಮ ಮನೆ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ. ಬೇಸ್ ಅಷ್ಟಾಗಿ ಹೊರಗೆ ಹೋಗದೆ ಒಳಗೇ ತಿರುಗುತ್ತದೆ. ಅಲ್ಲಿ ಅಣ್ಣನಿಗೆ 8 ಇಂಚಿನ ಸಬ್ ಹಾಕಿಸಿಕೊಟ್ಟೆ. ಅದೇ ಜಾಸ್ತಿ ಆಗಿ ಅರ್ಧಕ್ಕೆ ಇಳಿಸಿಕೊಂಡಿದ್ದಾನೆ.

ಭದ್ರಾ ದಂಡೆ:
ಹಾಗಾದರೆ ನಮಗೆ ಸಬ್‌ವೂಫರ್ ಬೇಡವೇ ಬೇಡವಾ?

ಎಸ್‌ಪಿ ರೋಡ್ ಅಲೆಮಾರಿ:
ಬೇಕು, ಆದರೆ ಕೊನೆಯಲ್ಲಿ. ಮತ್ತು ಅದನ್ನು ಎಲ್ಲಿ ಇಡುತ್ತೀರಿ ಎನ್ನುವುದು ಯಾವುದು ಕೊಳ್ಳುತ್ತೀರಿ ಎನ್ನುವುದಕ್ಕಿಂತ ಮುಖ್ಯ.

ಗೋಡೆಯಿಂದ ಗೋಡೆಗೆ ಇರುವ ದೂರಕ್ಕೆ ತಕ್ಕ ಹಾಗೆ ಕೆಲವು ಸ್ವರಗಳು ಕೋಣೆಯಲ್ಲಿ ಉಬ್ಬುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 18 ಅಡಿ ಅಂದರೆ 5.49 ಮೀಟರ್, ಉತ್ತರ 31 ಹರ್ಟ್ಸ್. 10 ಅಡಿ ಎತ್ತರಕ್ಕೆ 56 ಹರ್ಟ್ಸ್. ಇವುಗಳ ಎರಡರಷ್ಟು, ಮೂರರಷ್ಟರಲ್ಲೂ ಇದೇ ಕಥೆ. ಕೆಲವು ಜಾಗದಲ್ಲಿ ಕೂತರೆ ಬೇಸ್ ಎದೆಗೆ ಗುದ್ದುತ್ತದೆ, ಎರಡು ಅಡಿ ಸರಿದು ಕೂತರೆ ಮಾಯ. ನಿಮ್ಮದು ಬಲಗಡೆ ತೆರೆದಿರುವುದರಿಂದ ಅಗಲದ ಲೆಕ್ಕ ಹೀಗೆ ಸಲೀಸಾಗಿ ಕೂರುವುದಿಲ್ಲ. ಒಂದು ರೀತಿಯಲ್ಲಿ ಅದು ಒಳ್ಳೆಯದೇ.

ಜಾಗ ಹುಡುಕಲು ಹಳೆಯ ಉಪಾಯ ಒಂದಿದೆ. ಸಬ್ ಅನ್ನು ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಚೆನ್ನಾಗಿರುವ ಹಾಡು ಹಾಕಿ. ನೀವು ಅಂಬೆಗಾಲಿಟ್ಟು ಗೋಡೆಯ ಉದ್ದಕ್ಕೂ ಹೋಗಿ. ಎಲ್ಲಿ ಬೇಸ್ ಉಬ್ಬದೆ, ತಗ್ಗದೆ ಸಮನಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಮನೆಯವರು ನಗುತ್ತಾರೆ, ನಗಲಿ. ಅದಕ್ಕಾಗಿಯೇ ಸಬ್‌ಗೆ ಒಂದೇ ಪಾಯಿಂಟ್ ಬಿಟ್ಟು ಸುಮ್ಮನಾಗಬೇಡಿ. ಟಿವಿ ಗೋಡೆಯಲ್ಲಿ ಒಂದು, ಎಡಗಡೆ ಕಿಟಕಿ ಕೆಳಗೆ ಇನ್ನೊಂದು ಬಿಡಿ. ಎರಡೂ ಕಡೆ ಪ್ಲಗ್ ಪಾಯಿಂಟ್ ಕೂಡ ಇರಲಿ, ಸಬ್‌ಗೆ ಕರೆಂಟ್ ಬೇರೆ ಬೇಕು. ಜನ ಅದನ್ನೇ ಮರೆಯುತ್ತಾರೆ.

ಬಾಡಿಗೆ ಮನೆ ಬ್ರಹ್ಮ:
ವಿಟ್ರಿಫೈಡ್ ಟೈಲ್ಸ್, ಖಾಲಿ ಗೋಡೆ, ಗಾಜಿನ ಕಿಟಕಿ. ನಿಮ್ಮ ಹಾಲ್‌ನಲ್ಲಿ ಚಪ್ಪಾಳೆ ಹೊಡೆದರೆ ಒಂದಕ್ಕೆ ಎರಡು ಕೇಳುತ್ತದೆ ನೋಡಿ. ಮಾತು ಕಲಸಿಹೋಗುವುದಕ್ಕೆ ಅದೂ ಕಾರಣ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ನಾನು ದಪ್ಪ ಪರದೆ ಹಾಕಿ, ಪುಸ್ತಕದ ಕಪಾಟನ್ನು ಹಿಂದಿನ ಗೋಡೆಗೆ ತಂದೆ. ಸ್ಪೀಕರ್ ಬದಲಿಸಿದಷ್ಟೇ ವ್ಯತ್ಯಾಸ ಆಯಿತು.

ಡಗ್ಗಾ ತಬಲಾ:
ನೆಲಕ್ಕೆ ನಮ್ಮ ನವಲಗುಂದದ ಜಮಖಾನ ಹಾಸಿ ರೀ.

ಎಸ್‌ಪಿ ರೋಡ್ ಅಲೆಮಾರಿ:
ಜಮಖಾನ ನೋಡಲು ಚೆಂದ, ಆದರೆ ತೆಳು. ತೆಳುವಾದ ಬಟ್ಟೆ ಚಿಲಿಚಿಲಿ ಎನ್ನುವ ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತದೆ. ಅದರ ಕೆಳಗೆ ದಪ್ಪ ಫೆಲ್ಟ್ ಹಾಕಿದರೆ ಸ್ವಲ್ಪ ಕೆಳಗಿನವರೆಗೂ ಕೆಲಸ ಮಾಡುತ್ತದೆ. ಟಿವಿಗೂ ಸೋಫಾಗೂ ನಡುವಿನ ನೆಲ ಮುಚ್ಚುವುದು ಮುಖ್ಯ. ಬೇಸ್‌ನ ಗುಂಯ್ ಅನ್ನುವುದಕ್ಕೆ ಇದ್ಯಾವುದೂ ಮದ್ದಲ್ಲ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಕೂಡ ಅಲ್ಲ.

ಭದ್ರಾ ದಂಡೆ:
ಇನ್ನೊಂದು ಗೊಂದಲ. ಟಿವಿಯಲ್ಲಿ ಎಚ್‌ಡಿಎಂಐ ಆರ್ಕ್ ಅಂತ ಬರೆದಿದೆ, ಇ-ಆರ್ಕ್ ಅಲ್ಲ. ಅಂಗಡಿಯವರು ಆಟ್ಮಾಸ್‌ಗೆ ಇ-ಆರ್ಕ್ ಇಲ್ಲದಿದ್ದರೆ ಟಿವಿಯೇ ಬದಲಾಯಿಸಬೇಕು ಅಂತಾರೆ.

ಅರ್ಥಿಂಗ್ ಸರಿ ಇದೆಯಾ:
ಬದಲಾಯಿಸಬೇಡಿ. ಆರ್ಕ್ ಅಂದರೆ ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೋ ಬಾರ್‌ಗೋ ಕಳಿಸುವ ವ್ಯವಸ್ಥೆ, ಇ-ಆರ್ಕ್ ಅದರ ಹೊಸ ರೂಪ. ಓಟಿಟಿಗಳು ಆಟ್ಮಾಸ್ ಅನ್ನು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಮಡಚಿ ಕಳಿಸುತ್ತವೆ. ನೆಟ್‌ಫ್ಲಿಕ್ಸ್‌ನಲ್ಲಿ ಅದು ಸೆಕೆಂಡಿಗೆ ಹೆಚ್ಚೆಂದರೆ 768 ಕಿಲೋಬಿಟ್. ಅದು ಸಾದಾ ಆರ್ಕ್‌ನಲ್ಲೇ ಹಾದುಹೋಗುತ್ತದೆ, ಟಿವಿ ಡಿಜಿಟಲ್ ಪ್ಲಸ್ ಹೊರಗೆ ಬಿಟ್ಟರೆ ಸಾಕು. ಇ-ಆರ್ಕ್ ಬೇಕಾಗುವುದು ಬ್ಲೂ-ರೇ ಡಿಸ್ಕ್‌ನಲ್ಲಿರುವ ಟ್ರೂಎಚ್‌ಡಿ ತರಹದ, ಗುಣಮಟ್ಟ ಕಳೆಯದ ಟ್ರ್ಯಾಕ್ ಟಿವಿ ಮೂಲಕ ಹೋಗಬೇಕಾದಾಗ. ಡಿಸ್ಕ್ ಪ್ಲೇಯರ್ ಇದ್ದರೂ ಅದನ್ನು ನೇರ ರಿಸೀವರ್‌ಗೆ ಸಿಕ್ಕಿಸಬಹುದು, ಆಗ ಟಿವಿಯ ಹಂಗೇ ಇಲ್ಲ.

ಆಪ್ಟಿಕಲ್ ಕೇಬಲ್ ಮಾತ್ರ ಬೇಡ. ಅದರಲ್ಲಿ ಹಳೆಯ ಡಾಲ್ಬಿ ಡಿಜಿಟಲ್, ಡಿಟಿಎಸ್ 5.1 ಬರುತ್ತದೆ, ಡಿಜಿಟಲ್ ಪ್ಲಸ್ ಬರುವುದಿಲ್ಲ. ಹಾಗಾಗಿ ಆಟ್ಮಾಸ್ ಕೂಡ ಇಲ್ಲ.

ಮತ್ತೆ, ಟಿವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬ ಜಾಗದಲ್ಲಿ ಪಿಸಿಎಂ (ಟಿವಿಯೇ ಬಿಡಿಸಿ ಕಳಿಸುವ ಶಬ್ದ) ಇದ್ದರೆ ಅದನ್ನು ಆಟೋ ಅಥವಾ ಪಾಸ್‌ಥ್ರೂ ಮಾಡಿ. ಸಾದಾ ಆರ್ಕ್‌ನಲ್ಲಿ ಪಿಸಿಎಂ ಅಂದರೆ ಎರಡೇ ಚಾನೆಲ್. ಎಷ್ಟೋ ಮನೆಗಳಲ್ಲಿ 5.1 ಹಾಕಿಸಿ, ಹಿಂದಿನ ಸ್ಪೀಕರ್ ಕೆಲಸ ಮಾಡುತ್ತಿಲ್ಲ ಎಂದು ರಿಪೇರಿಯವರನ್ನು ಕರೆಸುತ್ತಾರೆ. ಕಾರಣ ಇಷ್ಟೇ. ಕೆಲವು ಕನ್ನಡ ಸಿನಿಮಾಗಳು ಓಟಿಟಿಯಲ್ಲಿ ಸ್ಟೀರಿಯೊದಲ್ಲೇ ಇರುತ್ತವೆ, ಆಗಲೂ ಹಿಂದಿನವು ಸುಮ್ಮನಿರುತ್ತವೆ. ಆಪ್‌ನ ಭಾಷೆಯ ಪಟ್ಟಿಯಲ್ಲಿ ಕನ್ನಡದ ಮುಂದೆ 5.1 ಅಂತ ಇದೆಯಾ ನೋಡಿ.

ಕುಂದಾಪ್ರ ಕಿವಿ:
ಅಷ್ಟಕ್ಕೂ ಆಟ್ಮಾಸ್ ಬೇಕೇ ಬೇಕಾ ಇವರಿಗೆ?

ಎಸ್‌ಪಿ ರೋಡ್ ಅಲೆಮಾರಿ:
ಈಗ ಬೇಡ. ಥಿಯೇಟರ್‌ಗೆ 2012ರಲ್ಲಿ ಬಂದದ್ದು, ಮನೆಗೆ 2014ರಲ್ಲಿ. ಚೆನ್ನಾಗಿ ಮಾಡಿದರೆ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಸೋಫಾ ಮೇಲೆ ಸೀಲಿಂಗ್‌ನಲ್ಲಿ ಎರಡು ಸ್ಪೀಕರ್ ಹಾಕಿ ಕೇಳುವುದು ಒಂದು, ಬಾರ್ ಮೇಲೆ ಬರೆದಿರುವ ಆಟ್ಮಾಸ್ ಇನ್ನೊಂದು. ಪಿಒಪಿ ಫಾಲ್ಸ್ ಸೀಲಿಂಗ್ ಮಾಡಿಸುವುದಾದರೆ ಸೋಫಾಕ್ಕಿಂತ ತುಸು ಮುಂದೆ ಎಡ ಬಲ ಎರಡು ವೈರ್ ಬಿಟ್ಟು ಮುಚ್ಚಿಸಿ. ರಿಸೀವರ್ ಕೊಳ್ಳುವಾಗ ಏಳು ಚಾನೆಲ್‌ನದು ಸಿಕ್ಕಿದರೆ 5.1.2ಗೆ, ಅಂದರೆ 5.1ರ ಜೊತೆ ಸೀಲಿಂಗ್‌ನ ಎರಡಕ್ಕೆ, ದಾರಿ ಇರುತ್ತದೆ. ಬಜೆಟ್ ಬಿಗಿಯಾದರೆ ಐದು ಚಾನೆಲ್‌ನದೇ ಸಾಕು. ಅದಕ್ಕೋಸ್ಕರ ಸ್ಪೀಕರ್‌ನ ದುಡ್ಡು ಕಡಿಮೆ ಮಾಡಬೇಡಿ.

ಅರ್ಥಿಂಗ್ ಸರಿ ಇದೆಯಾ:
ವೈರಿಂಗ್‌ನವರಿಗೆ ಏನು ಹೇಳಬೇಕು ಬರೆದುಕೊಳ್ಳಿ.

ರಿಸೀವರ್ ಟಿವಿ ಕೆಳಗಿನ ಯೂನಿಟ್‌ನಲ್ಲಿ ಇರುತ್ತದೆ. ಅದರ ಸುತ್ತ ಗಾಳಿ ಆಡಬೇಕು, ಬಾಗಿಲು ಮುಚ್ಚುವ ಕಪಾಟು ಬೇಡ. ಅಲ್ಲಿಂದ ಸೋಫಾದ ಹಿಂದೆ ಎಡಕ್ಕೊಂದು ಬಲಕ್ಕೊಂದು ಪೈಪ್ ನೆಲದಲ್ಲೇ ಹೋಗಲಿ. ಟೈಲ್ಸ್ ಹಾಕದಿರುವುದರಿಂದ ಇದು ಸುಲಭ. 25 ಎಂಎಂ ಪೈಪ್, ಬೆಂಡ್‌ಗಳು ಆದಷ್ಟು ಕಡಿಮೆ, ಒಳಗೆ ಎಳೆಯುವುದಕ್ಕೊಂದು ತಂತಿ. ಕರೆಂಟ್ ವೈರ್ ಹೋಗುವ ಪೈಪ್‌ನಲ್ಲಿ ಇದನ್ನು ಸೇರಿಸಬಾರದು, ಸುರಕ್ಷತೆಗೂ ಸರಿಯಲ್ಲ, ಹಮ್ಮಿಂಗ್ ಕೂಡ ಬರಬಹುದು. ಪಕ್ಕ ಪಕ್ಕ ಉದ್ದಕ್ಕೆ ಓಡಿಸುವುದೂ ಬೇಡ, ಅಡ್ಡ ದಾಟಿದರೆ ಪರವಾಗಿಲ್ಲ.

ವೈರ್‌ಗೆ ಹುಚ್ಚು ಹಣ ಸುರಿಯಬೇಡಿ. 1.5 ಸ್ಕ್ವೇರ್ ಎಂಎಂ ತಾಮ್ರದ್ದು ಹತ್ತು ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಕಾಲು ಓಮ್ ಒಳಗೇ. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ಅಪ್ಪಟ ತಾಮ್ರ ಇರಲಿ. ಪ್ಲಸ್ ಮೈನಸ್ ಎರಡೂ ತುದಿಯಲ್ಲಿ ಗುರುತು ಹಾಕಿಸಿ. ಒಂದು ಸ್ಪೀಕರ್ ಉಲ್ಟಾ ಆದರೆ ಬೇಸ್ ತೆಳುವಾಗುತ್ತದೆ, ಗಾಯಕರು ಎಲ್ಲಿ ನಿಂತಿದ್ದಾರೆಂದೇ ತಿಳಿಯುವುದಿಲ್ಲ.

ಮಲೆನಾಡಿನ ಸಿಡಿಲು ನಿಮಗೆ ಹೇಳಿಕೊಡಬೇಕಾಗಿಲ್ಲ. ಎಲ್ಲರೂ ಪ್ಲಗ್ ಮಾತ್ರ ಕೀಳುತ್ತಾರೆ. ತಾರಸಿ ಮೇಲಿನ ಡಿಶ್‌ನಿಂದ ಬರುವ ಕೇಬಲ್ ಹಾಗೇ ಇರುತ್ತದೆ. ಹೊಡೆತ ಅದರ ಮೂಲಕ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಟಿವಿಗೂ ರಿಸೀವರ್‌ಗೂ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಆ ಕೇಬಲ್ ಕೂಡ ಕಿತ್ತಿಡಿ.

ಭದ್ರಾ ದಂಡೆ:
ಬಹಳ ಉಪಕಾರ ಆಯಿತು. ಸೋಫಾ ಹಿಂದೆ ಸ್ಟ್ಯಾಂಡ್ ಇಟ್ಟರೆ ಮಗಳು ಎಳೆದು ಬೀಳಿಸುವುದು ಗ್ಯಾರಂಟಿ. ಬೇರೆ ದಾರಿ ಇದೆಯಾ?

ಎಸ್‌ಪಿ ರೋಡ್ ಅಲೆಮಾರಿ:
ಸೀಲಿಂಗ್‌ನಿಂದ ಬ್ರಾಕೆಟ್‌ನಲ್ಲಿ ಇಳಿಬಿಡಬಹುದು. ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ ಇರಲಿ, ಆದರೆ ಓಡಾಡುವವರ ತಲೆಗೆ ತಾಗಬಾರದು. ಸೋಫಾದ ಪಕ್ಕಕ್ಕಿಂತ ಸ್ವಲ್ಪ ಹಿಂದೆ. ನೇರ ಮುಂದೆ ನೋಡುವುದನ್ನು ಸೊನ್ನೆ ಡಿಗ್ರಿ ಅಂದುಕೊಂಡರೆ ಎಡಕ್ಕೆ ಬಲಕ್ಕೆ 110 ಡಿಗ್ರಿ ಆಸುಪಾಸು. ಹಿಂದಿನ ಗೋಡೆ ನಿಮಗೆ ತೀರಾ ದೂರ, ಅಲ್ಲಿ ಹಾಕಿದರೆ ಮೆಟ್ಟಿಲ ಮೇಲೆ ಯಾರೋ ರೇಡಿಯೋ ಹಾಕಿದಂತಿರುತ್ತದೆ. ಹಾಗಾಗಿ ಸೀಲಿಂಗ್‌ಗೂ ಒಂದೊಂದು ಪೈಪ್ ಬಿಡಿಸಿ. ನೆಲದ್ದು ಮಗಳು ದೊಡ್ಡವಳಾದ ಮೇಲೆ ನೋಡಿಕೊಂಡರಾಯಿತು.

ಮುಂದಿನ ಎರಡು ಸ್ಪೀಕರ್ ನಡುವೆ 8ರಿಂದ 9 ಅಡಿ ಇರಲಿ. ಟಿವಿ ಯೂನಿಟ್ ಮೇಲೇ ಎರಡೂ ಕೂರಿಸಿದರೆ 5 ಅಡಿ ಕೂಡ ಸಿಗುವುದಿಲ್ಲ, ಸ್ಟೀರಿಯೊ ಇದ್ದೂ ಇಲ್ಲದಂತೆ. ಬಡಗಿಗೆ ಯೂನಿಟ್‌ನ ಅಳತೆ ಕೊಡುವ ಮೊದಲೇ ಇದನ್ನು ಯೋಚಿಸಿ. ಮುಂದಿನವು ಸ್ಟ್ಯಾಂಡ್ ಮೇಲೆ ಇದ್ದರೂ ಗೋಡೆ ಪಕ್ಕ ಇರುತ್ತವೆ, ಸ್ಟ್ಯಾಂಡ್ ಅನ್ನು ಗೋಡೆಗೆ ಕ್ಲಾಂಪ್ ಹಾಕಿಸಿ.

ಬಾಡಿಗೆ ಮನೆ ಬ್ರಹ್ಮ:
ಸಬ್ ಬಂದ ಮೇಲೆ ರಾತ್ರಿ ಸ್ವಲ್ಪ ನೋಡಿಕೊಳ್ಳಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಯಮದ ಮಿತಿ 45 ಡೆಸಿಬಲ್. ಬೇಸ್ ಗೋಡೆ ದಾಟುವಷ್ಟು ಸಲೀಸಾಗಿ ಮಾತು ದಾಟುವುದಿಲ್ಲ. ರಿಸೀವರ್‌ನಲ್ಲಿ ನೈಟ್ ಮೋಡ್ ಇರುತ್ತದೆ, ಜೋರನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತಿ ಕೊಡುತ್ತದೆ. ನಾನು ಅಪಾರ್ಟ್‌ಮೆಂಟ್‌ನಲ್ಲಿ ಹತ್ತರ ಮೇಲೆ ಸಬ್ ಆಫ್ ಮಾಡಿಯೇ ನೋಡುವುದು. ಕೆಳಗಿನ ಮನೆಯ ಅಜ್ಜಿ ಈಗ ಮೊದಲಿನಂತೆ ಮಾತಾಡಿಸುತ್ತಾರೆ.

ಭದ್ರಾ ದಂಡೆ:
ಇವತ್ತು ಕೂತು ಲೆಕ್ಕ ಹಾಕಿದೆವು. ಈಗ ರಿಸೀವರ್, ಮುಂದಿನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಅದೇ ಸೀರೀಸ್‌ನ ಸೆಂಟರ್. ಸಬ್ ದೀಪಾವಳಿಗೆ. ಹಿಂದಿನವು ಮುಂದಿನ ವರ್ಷ. ಅಪ್ಪ ಅಂಗಡಿಗೆ ತಾವೇ ಬರುತ್ತಾರಂತೆ, ಹಾಡಿನ ಪಟ್ಟಿ ಈಗಲೇ ರೆಡಿ. ಸಬ್ ಇಲ್ಲದೆ ಅಲ್ಲಿಯವರೆಗೆ ಸಿನಿಮಾ ಸಪ್ಪೆ ಆಗುತ್ತಾ?

ಡಗ್ಗಾ ತಬಲಾ:
ಸೆಂಟರ್ ಬದಲು ಆ ದುಡ್ಡನ್ನೂ ಮುಂದಿನ ಎರಡಕ್ಕೇ ಹಾಕಿ ಅಂತ ನಾನು ಈಗಲೂ ಹೇಳುತ್ತೇನೆ. ಹಾಡಿಗೆ ಸೆಂಟರ್ ಬೇಕಿಲ್ಲ ರೀ.

ಎಸ್‌ಪಿ ರೋಡ್ ಅಲೆಮಾರಿ:
ನಡುವಿನ ಸೀಟಿನಲ್ಲಿ ಒಬ್ಬರೇ ಕೂರುವ ಮನೆಯಾಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಇಲ್ಲಿ ನಾಲ್ಕು ಜನ, ಮತ್ತು ಅಪ್ಪ ಎಡ ತುದಿಯ ಸೀಟು ಬಿಡುವ ಲಕ್ಷಣ ಇಲ್ಲ. ಹಾಡಿಗೆ ರಿಸೀವರ್‌ನಲ್ಲಿ ಸ್ಟೀರಿಯೊ ಮೋಡ್ ಒತ್ತಿದರೆ ಸೆಂಟರ್ ತಾನೇ ಸುಮ್ಮನಾಗುತ್ತದೆ.

ಸಬ್ ಪ್ರಶ್ನೆಗೆ: ಸೆಟಪ್‌ನಲ್ಲಿ "ಸಬ್‌ವೂಫರ್ ಇಲ್ಲ" ಎಂದು ಆರಿಸಿ. ಆಗ ಸಬ್‌ಗೆ ಹೋಗಬೇಕಾದ ಶಬ್ದವನ್ನು ರಿಸೀವರ್ ಮುಂದಿನ ಎರಡಕ್ಕೇ ಕಳಿಸುತ್ತದೆ. ಆರೂವರೆ ಇಂಚಿನ ವೂಫರ್ ಇದ್ದರೆ ಹಾಡಿಗೆ ಧಾರಾಳ, ಸಿನಿಮಾಗೆ ತಕ್ಕಮಟ್ಟಿಗೆ. ಜೋರಾಗಿ ಹಾಕಿ ಸ್ಫೋಟದ ಸೀನ್‌ನಲ್ಲಿ ವೂಫರ್ ಪಟಪಟ ಅಂದರೆ ವಾಲ್ಯೂಮ್ ಇಳಿಸಿ. ಸಬ್ ಬಂದ ದಿನ ಎಲ್ಲಾ ಸ್ಪೀಕರ್ "ಸ್ಮಾಲ್" ಮಾಡಿ, ಕ್ರಾಸ್‌ಓವರ್ (ಅದಕ್ಕಿಂತ ಕೆಳಗಿನ ಸ್ವರ ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್ ಇಡಿ, ಜೊತೆಗೆ ಬರುವ ಮೈಕ್ ಇಟ್ಟು ಆಟೋ ಸೆಟಪ್ ಮತ್ತೊಮ್ಮೆ ಓಡಿಸಿ. ಫ್ಯಾನ್ ಆಫ್ ಮಾಡಿ, ಮಗಳನ್ನು ಹೊರಗೆ ಆಡಲು ಕಳಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ. ಮೈಕ್ ಕಿವಿಯ ಎತ್ತರದಲ್ಲಿ ಇರಬೇಕು, ಸೋಫಾದ ಬೆನ್ನಿಗೆ ಅಂಟಿಸಬೇಡಿ.

ಅರ್ಥಿಂಗ್ ಸರಿ ಇದೆಯಾ:
ಟೈಲ್ಸ್ ಹಾಕುವ ಮೊದಲು ಪೈಪ್ ಹೋದ ದಾರಿಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು. ಮುಂದೆ ಯಾರಾದರೂ ಡ್ರಿಲ್ ಹಿಡಿದು ಬಂದಾಗ ಬೇಕಾಗುತ್ತದೆ. ಅಂಗಡಿಯಲ್ಲಿ ಅಪ್ಪ ಯಾವುದನ್ನು ಒಪ್ಪಿದರು ಎಂದು ಇಲ್ಲಿ ಹಾಕಿ.